ವಿಸ್ತಾರಜಾಲದ ದೋಷನಿರ್ಣಯ: ಪ್ರೋಟೋಕಾಲ್ ವಿಶ್ಲೇಷಕವನ್ನು ಆರಿಸಿಕೊಳ್ಳುವ ಬಗೆ

ಬೆಳಗಾವಿ ಜಿಲ್ಲೆಯ ವಾಯವ್ಯದಂಚಿನಲ್ಲಿ, ದೂಧಗಂಗಾ ನದಿಯ ಸೀಮೆಯಲ್ಲಿ, ಮಹಾರಾಷ್ಟ್ರದ ಇಚಲಕರಂಜಿಗೆ ಸಮೀಪವಾಗಿ ಬೋರಗಾಂವವೆಂಬ ಊರು ಇರುವುದು. ಹಿಂದೆ ಚಿಕ್ಕೋಡಿ ತಾಲೂಕಿಗೆ ಸೇರಿದ್ದ ಈ ಊರು ಈಗ ನಿಪ್ಪಾಣಿ ತಾಲೂಕಿನಲ್ಲಿದ್ದು ಪಟ್ಟಣ ಪಂಚಾಯತಿಯನ್ನು ಪಡೆದಿದೆ. ಇಲ್ಲಿಂದ ಬೆಂಗಳೂರಿಗೆ ಐದುನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಆದರೂ ಈ ಭಾಗದ ಒಕ್ಕಲಿಗನೊಬ್ಬನು ಬೆಳೆಸಾಲಕ್ಕಾಗಿ ತನ್ನ ಹೊಲದ ಪಹಣಿಯನ್ನು, ಈ ಸೀಮೆಯ ಮಾತಿನಲ್ಲಿ ಹೇಳುವುದಾದರೆ ಉತಾರವನ್ನು, ನಾಡಕಚೇರಿಯಲ್ಲಿ ಕೇಳಿದಾಗ ಆ ಉತಾರವು ಬೆಂಗಳೂರಿನ ದತ್ತಕೇಂದ್ರದಿಂದಲೇ ಬರತಕ್ಕದ್ದಾಗಿದೆ. ‘ಭೂಮಿ’ ಯೋಜನೆಯು ಈ ಶತಮಾನದ ಮೊದಲಲ್ಲಿ ರಾಜ್ಯದ ಸುಮಾರು ೬೭ ಲಕ್ಷ ಭೂಹಿಡುವಳಿದಾರರ ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿ, ಕೈಬರಹದ ಪಹಣಿಯ ಬಳಕೆಯನ್ನು ನಿಲ್ಲಿಸಿದುದು ವಾಚಕರಿಗೆ ವಿದಿತವೇ ಆಗಿದೆ. ಅಂದಿನಿಂದ ತಂತಿ ಕೆಟ್ಟರೆ ಕೈಬರಹಕ್ಕೆ ಹಿಂದಿರುಗುವ ದಾರಿ ಇಲ್ಲ. ಗಣಕದ ಮುಂದೆ ಕುಳಿತ ಕಾರಕೂನನು “ಸರ್ವರ್ ಡೌನ್” ಎಂದು ಎರಡು ಮಾತು ಹೇಳಿದನೆಂದರೆ ಸರದಿಯಲ್ಲಿ ನಿಂತವರು ಮನೆಗೆ ಹೋಗಬೇಕು. ಒಂದು ದಿನದ ಕೂಲಿ ಹೋಯಿತು. ಸಾಲದ ಅರ್ಜಿಗೆ ಕಡೆಯ ದಿನವಾಗಿದ್ದರೆ ಅದೂ ಹೋಯಿತು.

ಆ ಎರಡು ಮಾತು ನಿಜವಾಗಿರುವುದು ವಿರಳ. ಕಚೇರಿಯೊಳಗಿನ ತಂತಿ, ಕಚೇರಿಯ ರೂಟರ್, ತಾಲೂಕಿನವರೆಗಿನ ಲೈನು, ಜಿಲ್ಲೆಯಿಂದ ರಾಜಧಾನಿಗಿರುವ ಲೈನು, ದತ್ತಕೇಂದ್ರದ ಬಾಗಿಲಲ್ಲಿರುವ ಫೈರ್‌ವಾಲ್, ಕಟ್ಟಕಡೆಗೆ ಸರ್ವರ್, ಇವುಗಳಲ್ಲಿ ಯಾವುದು ಕೆಟ್ಟರೂ ಕಾರಕೂನನ ಕಣ್ಣಿಗೆ ಕಾಣುವುದು ಒಂದೇ ಬಿಳಿಯ ತೆರೆ. ಈ ಆರರ ಒಡೆತನವು ಒಬ್ಬರದಲ್ಲ. ಲೈನು ಒದಗಿಸಿದವರು ಲೈನು ಸರಿಯಾಗಿದೆ ಎನ್ನುವರು. ಸರ್ವರ್ ನೋಡಿಕೊಳ್ಳುವವರು ಸರ್ವರ್ ಸರಿಯಾಗಿದೆ ಎನ್ನುವರು. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸತ್ಯವನ್ನೇ ಹೇಳುತ್ತಿರಬಹುದು. ಈ ವ್ಯಾಜ್ಯದಲ್ಲಿ ಸಾಕ್ಷಿ ಹೇಳತಕ್ಕ ಉಪಕರಣವೇ ಪ್ರೋಟೋಕಾಲ್ ವಿಶ್ಲೇಷಕ. ಅದನ್ನು ಕೊಳ್ಳುವವನು ಸಾಕ್ಷಿಯ ಲಕ್ಷಣವನ್ನು ಮೊದಲು ನೋಡಬೇಕೇ ಹೊರತು ಅಲಂಕಾರವನ್ನಲ್ಲ.

ಪ್ರೋಟೋಕಾಲ್ ಎಂದರೆ ಎರಡು ಯಂತ್ರಗಳು ಮಾತಾಡುವಾಗ ಅನುಸರಿಸತಕ್ಕ ಒಪ್ಪಂದ. ಯಾರು ಮೊದಲು ಮಾತಾಡಬೇಕು, ಮಾತು ಮುಟ್ಟಿತೆಂದು ಹೇಗೆ ತಿಳಿಸಬೇಕು, ಮುಟ್ಟದಿದ್ದರೆ ಎಷ್ಟು ಹೊತ್ತು ಕಾದು ಮತ್ತೆ ಹೇಳಬೇಕು ಎಂಬುದೆಲ್ಲ ಆ ಒಪ್ಪಂದದಲ್ಲಿದೆ. ಮಾತುಗಳು ಪ್ಯಾಕೆಟ್‌ಗಳೆಂಬ ತುಂಡುಗಳಾಗಿ ಹೋಗುತ್ತವೆ. ಹೋಗುವ ಪ್ಯಾಕೆಟ್‌ಗಳನ್ನು ತಡೆಯದೆ ಅವುಗಳ ಪ್ರತಿಯನ್ನು ತೆಗೆದು, ಪ್ರತಿಯೊಂದಕ್ಕೂ ಕಾಲವನ್ನು ನಮೂದಿಸಿ, ಒಪ್ಪಂದದ ಯಾವ ಕಲಮು ಎಲ್ಲಿ ಮುರಿಯಿತೆಂದು ತೋರಿಸುವುದು ವಿಶ್ಲೇಷಕದ ಕೆಲಸ. ಇಂತಹ ಉಪಕರಣಗಳು ಹುಟ್ಟಿದುದೂ ವ್ಯಾಜ್ಯಗಳಿಂದಲೇ. ೧೯೮೬ರ ಅಕ್ಟೋಬರಿನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಕೇವಲ ೪೦೦ ಗಜ ಅಂತರದಲ್ಲಿದ್ದ ಎರಡು ಸ್ಥಳಗಳ ನಡುವಣ ವೇಗವು ಸೆಕೆಂಡಿಗೆ ೩೨,೦೦೦ ಬಿಟ್‌ಗಳಿಂದ ೪೦ ಬಿಟ್‌ಗಳಿಗೆ ಇಳಿದುಹೋಯಿತು. ಲೈನು ತುಂಡಾಗಿರಲಿಲ್ಲ, ಯಂತ್ರಗಳೆಲ್ಲ ಒಟ್ಟಿಗೆ ಕೂಗಿ ಕೂಗಿ ಒಂದರ ಮಾತನ್ನೊಂದು ಮುಳುಗಿಸುತ್ತಿದ್ದವು. ಆ ಕಾರಣವನ್ನು ಶೋಧಿಸಿದ ವ್ಯಾನ್ ಜೇಕಬ್ಸನ್ ಮತ್ತು ಅವರ ಸಹಚರರ ಕೈಯಿಂದಲೇ ‘ಟಿ.ಸಿ.ಪಿ.ಡಂಪ್’ ಎಂಬ ಸಾಧನವೂ ಹೊರಬಂದಿತು. ೧೯೮೬ರಲ್ಲಿಯೇ ಸ್ಥಾಪಿತವಾದ ನೆಟ್‌ವರ್ಕ್ ಜನರಲ್ ಸಂಸ್ಥೆಯ ‘ಸ್ನಿಫರ್’ ಈ ಕೆಲಸಕ್ಕೆಂದೇ ಮಾರುವ ಯಂತ್ರವಾಯಿತು. ೧೯೯೮ರಲ್ಲಿ ಜೆರಾಲ್ಡ್ ಕೋಂಬ್ಸ್ ಹೊರತಂದು, ೨೦೦೬ರಲ್ಲಿ ‘ವೈರ್‌ಶಾರ್ಕ್’ ಎಂದು ಹೆಸರು ಬದಲಿಸಿದ ತಂತ್ರಾಂಶವು ಇಂದು ಉಚಿತವಾಗಿ ದೊರೆಯುತ್ತದೆ. ಆದುದರಿಂದ ಪ್ಯಾಕೆಟ್ಟನ್ನು ಬಿಡಿಸಿ ಓದುವ ವಿದ್ಯೆಗೆ ಈಗ ಹಣ ಕೊಡಬೇಕಾಗಿಲ್ಲ. ಹಣ ಕೊಡಬೇಕಾದುದು ಬೇರೆ ಗುಣಗಳಿಗೆ.

ಆ ಗುಣಗಳಲ್ಲಿ ಮುಖ್ಯವಾದುದು ಯಾವುದೆಂದು ತಿಳಿಯಲು ಹಳೆಯ ತಂತಿಯ ಕಾಲವನ್ನು ನೆನೆಯುವುದು ಉಪಯುಕ್ತ. ಟೆಲಿಗ್ರಾಫ್ ತಂತಿಗೆ ಮೈಲಿಗೆ ಇಷ್ಟೆಂದು ನಿಯತವಾದ ವಿದ್ಯುನ್ನಿರೋಧವಿತ್ತು. ಆದಕಾರಣ ಒಂದು ತುದಿಯಲ್ಲಿ ಕುಳಿತ ಪರೀಕ್ಷಕನು ಸೇತುಯಂತ್ರದಿಂದ ನಿರೋಧವನ್ನಳೆದು, ಎಷ್ಟು ಮೈಲಿಯಾಚೆ ತಂತಿ ನೆಲಕ್ಕೆ ತಾಗಿದೆಯೆಂದು ಹೇಳಬಲ್ಲವನಾಗಿದ್ದನು. ಪ್ಯಾಕೆಟ್ ಜಾಲದಲ್ಲಿ ಈ ಅನುಕೂಲವಿಲ್ಲ. ಏಕೆಂದರೆ ಇಲ್ಲಿ ವಿಳಂಬವು ದೂರಕ್ಕೆ ಅನುಗುಣವಾಗಿ ಬೆಳೆಯುವುದಿಲ್ಲ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುವುದರಿಂದ ೬೦೦ ಕಿಲೋಮೀಟರಿನ ಎಳೆಯನ್ನು ಮೂರು ಮಿಲಿಸೆಕೆಂಡುಗಳಲ್ಲಿ ಮುಗಿಸುತ್ತದೆ. ಆದರೆ ೧,೫೦೦ ಬೈಟಿನ ಒಂದು ಪ್ಯಾಕೆಟ್ಟು ಸೆಕೆಂಡಿಗೆ ೨೦ ಲಕ್ಷ ಬಿಟ್ಟಿನ ಲೈನನ್ನು ಏರಲು ಆರು ಮಿಲಿಸೆಕೆಂಡು ಬೇಕು. ಎಂದರೆ ಸರದಿಯಲ್ಲಿ ಮುಂದೆ ನಿಂತ ಒಂದೇ ಪ್ಯಾಕೆಟ್ಟು ಉಂಟುಮಾಡುವ ತಡವು ಬೆಂಗಳೂರಿನ ದಾರಿಯ ತಡಕ್ಕಿಂತ ಎರಡುಪಟ್ಟು. ಅಂತಹವು ನೂರು ನಿಂತರೆ ಅರ್ಧ ಸೆಕೆಂಡಿಗೂ ಹೆಚ್ಚು. ಆ ಸರದಿಯು ತಾಲೂಕಿನಲ್ಲಿದ್ದರೂ ಜಿಲ್ಲೆಯಲ್ಲಿದ್ದರೂ ರಾಜಧಾನಿಯಲ್ಲಿದ್ದರೂ ಬೋರಗಾಂವದ ತುದಿಯಲ್ಲಿ ಕಾಣುವ ಅಂಕಿ ಒಂದೇ.

ಹಾಗೆಂದು ಒಂದು ತುದಿಯ ಸಾಕ್ಷಿಯು ನಿರುಪಯೋಗಿಯಲ್ಲ. ಸಂವಾದವು ಆರಂಭವಾಗುವಾಗ ಕಚೇರಿಯ ಗಣಕವು ಒಂದು ಕರೆಯ ಪ್ಯಾಕೆಟ್ಟನ್ನು ಕಳಿಸುತ್ತದೆ. ಸರ್ವರಿನ ಕಾರ್ಯವ್ಯವಸ್ಥೆಯು ತಡಮಾಡದೆ ಅದಕ್ಕೆ ಮರುನುಡಿಯುತ್ತದೆ. ಈ ಎರಡರ ನಡುವಣ ಕಾಲವು ಬಹುಮಟ್ಟಿಗೆ ದಾರಿಯ ಕಾಲ. ಅನಂತರ ಕಚೇರಿಯು “ಇಂತಹ ಸರ್ವೆ ನಂಬರಿನ ಉತಾರ ಕೊಡು” ಎಂದು ಕೇಳಿ, ಉತ್ತರದ ಮೊದಲ ಬೈಟು ಬರುವವರೆಗಿನ ಕಾಲದಲ್ಲಿ ದಾರಿಯ ಕಾಲವನ್ನು ಕಳೆದರೆ ಉಳಿಯುವುದು ಸರ್ವರ್ ಯೋಚಿಸಿದ ಕಾಲ. ಮೊದಲನೆಯದು ೩೦ ಮಿಲಿಸೆಕೆಂಡು, ಎರಡನೆಯದು ಒಂಬತ್ತು ಸೆಕೆಂಡು ಎಂದು ಕಂಡುಬಂದರೆ ಲೈನಿನವರನ್ನು ದೂರುವುದು ಅನ್ಯಾಯ. ಮೊದಲನೆಯದೇ ಒಂದು ಸೆಕೆಂಡಾಗಿದ್ದರೆ ಸರ್ವರಿನವರನ್ನು ದೂರುವುದು ಅನ್ಯಾಯ. ಇಷ್ಟು ಸಣ್ಣ ಲೆಕ್ಕವನ್ನು ಮಾಡಿ ತೋರಿಸದ ವಿಶ್ಲೇಷಕವು ಎಷ್ಟು ಬೆಲೆಯದಾದರೂ ಬೇಡ.

ಪ್ಯಾಕೆಟ್ ಕಳೆದುಹೋದಾಗ ಮಾತ್ರ ಒಂದು ತುದಿ ಸಾಲದು. ಕಳಿಸಿದುದನ್ನೇ ಮತ್ತೆ ಮತ್ತೆ ಕಳಿಸಿದುದು ಕಚೇರಿಯ ತುದಿಯಲ್ಲಿ ಕಾಣುತ್ತದೆ. ಆದರೆ ಹೋಗುವಾಗ ಕಳೆಯಿತೋ, ಮುಟ್ಟಿ ಅದರ ಸ್ವೀಕೃತಿಯು ಬರುವಾಗ ಕಳೆಯಿತೋ ಕಾಣುವುದಿಲ್ಲ. ಅದೇ ಹೊತ್ತಿನಲ್ಲಿ ದತ್ತಕೇಂದ್ರದ ಬಾಗಿಲಲ್ಲಿಯೂ ಇನ್ನೊಂದು ಪ್ರತಿ ತೆಗೆದಿದ್ದರೆ, ಕ್ರಮಸಂಖ್ಯೆಯಿಂದ ಒಂದೊಂದು ಪ್ಯಾಕೆಟ್ಟನ್ನೂ ಜೊತೆಗೂಡಿಸಿ, ಇಲ್ಲಿ ಹೊರಟುದು ಅಲ್ಲಿ ಬಂತೋ ಇಲ್ಲವೋ ಎಂದು ಖಚಿತವಾಗಿ ಹೇಳಬಹುದು. ಕಳೆದುಹೋದುದನ್ನು ಎಣಿಸಲು ಎರಡು ಗಡಿಯಾರಗಳು ಒಂದಾಗಿರಬೇಕಾಗಿಲ್ಲ. ಒಂದು ದಿಕ್ಕಿನ ವಿಳಂಬವನ್ನು ಅಳೆಯಲು ಮಾತ್ರ ಒಂದಾಗಿರಲೇಬೇಕು. ಜಾಲದ ಮೂಲಕವೇ ಗಡಿಯಾರವನ್ನು ಸರಿಪಡಿಸಿಕೊಳ್ಳುವ ಏರ್ಪಾಡು ಕೆಲವು ಮಿಲಿಸೆಕೆಂಡುಗಳ ಮಟ್ಟಿಗೆ ಸಾಕಾಗುತ್ತದೆ. ಅದಕ್ಕಿಂತ ಸೂಕ್ಷ್ಮವಾಗಿ ಬೇಕೆಂದರೆ ಜಿ.ಪಿ.ಎಸ್. ಉಪಗ್ರಹದ ಕಾಲವನ್ನು ಪಡೆಯುವ ಯಂತ್ರ ಬೇಕು. ಉತಾರದ ವ್ಯಾಜ್ಯಕ್ಕೆ ಮೊದಲನೆಯದೇ ಸಾಕು. ಸಾರಾಂಶವೇನೆಂದರೆ, ಒಂದು ದೊಡ್ಡ ವಿಶ್ಲೇಷಕಕ್ಕೆ ಇಟ್ಟ ಹಣದಲ್ಲಿ ಎರಡು ಸಾಮಾನ್ಯ ವಿಶ್ಲೇಷಕಗಳು ಬರುವುದಾದರೆ ಎರಡನ್ನು ಕೊಳ್ಳುವುದೇ ಲೇಸು.

ಎರಡು ತುದಿಗಳ ಪರೀಕ್ಷೆಯ ಬೆಲೆಯನ್ನು ತೋರಿಸುವ, ವಿಸ್ತಾರಜಾಲಗಳಲ್ಲಿ ಪದೇ ಪದೇ ಕಾಣುವ ಒಂದು ರೋಗವಿದೆ. ಅದರ ಲಕ್ಷಣ ವಿಚಿತ್ರವಾದುದು. ಕಚೇರಿಯಿಂದ ಸರ್ವರಿಗೆ ‘ಪಿಂಗ್’ ಎಂಬ ಪರೀಕ್ಷೆ ಮಾಡಿದರೆ ಉತ್ತರ ಬರುತ್ತದೆ. ಹೆಸರು, ಗುಪ್ತಪದ ಕೊಟ್ಟರೆ ಒಳಗೆ ಬಿಡುತ್ತದೆ. ಆದರೆ ಉತಾರ ಬೇಕೆಂದು ಒತ್ತಿದೊಡನೆ ತೆರೆ ಸ್ತಬ್ಧವಾಗುತ್ತದೆ. ಲೈನಿನವರು ಪಿಂಗ್ ತೋರಿಸಿ ತಾವು ನಿರ್ದೋಷಿಗಳೆನ್ನುವರು. ಸರ್ವರಿನವರು ಬೇರೆ ತಾಲೂಕುಗಳಲ್ಲಿ ಕೆಲಸ ನಡೆಯುತ್ತಿದೆಯೆನ್ನುವರು. ನಿಜವಾದ ಕಾರಣ ಹೀಗಿರುತ್ತದೆ. ಸಾಮಾನ್ಯ ಜಾಲದಲ್ಲಿ ಒಂದು ಪ್ಯಾಕೆಟ್ಟು ೧,೫೦೦ ಬೈಟುಗಳವರೆಗೆ ಇರಬಹುದು. ದಾರಿಯ ನಡುವೆ ಒಂದು ಸುರಂಗವನ್ನು, ಎಂದರೆ ಪ್ಯಾಕೆಟ್ಟನ್ನು ಇನ್ನೊಂದು ಪ್ಯಾಕೆಟ್ಟಿನಲ್ಲಿ ಮಡಿಸಿ ಕಳಿಸುವ ಏರ್ಪಾಡನ್ನು, ಮಾಡಿದ್ದರೆ ಮೇಲಿನ ಹೊದಿಕೆಗೇ ೨೪ ಬೈಟು ಹೋಗಿ ೧,೪೭೬ ಮಾತ್ರ ಉಳಿಯುತ್ತದೆ. ಪಿಂಗಿನ ಪ್ಯಾಕೆಟ್ಟು ಸಣ್ಣದು, ನುಸುಳುತ್ತದೆ. ಗುಪ್ತಪದದ ಸಂವಾದವೂ ಸಣ್ಣದಾಗಿದ್ದರೆ ನುಸುಳುತ್ತದೆ. ಉತಾರವು ದೊಡ್ಡದು, ಸರ್ವರ್ ಅದನ್ನು ೧,೫೦೦ ಬೈಟಿನ ತುಂಡುಗಳಾಗಿ, “ಇದನ್ನು ಮತ್ತೆ ಒಡೆಯಬಾರದು” ಎಂಬ ಗುರುತಿನೊಡನೆ ಕಳಿಸುತ್ತದೆ. ಸುರಂಗದ ಬಾಯಲ್ಲಿರುವ ರೂಟರ್ ಅದನ್ನು ಬಿಸುಟು, “ಸಣ್ಣದಾಗಿ ಕಳಿಸು” ಎಂಬ ಸೂಚನೆಯನ್ನು ಸರ್ವರಿಗೆ ಹಿಂದಿರುಗಿಸಬೇಕು; ಹಿಂದಿರುಗಿಸುತ್ತದೆ ಕೂಡ. ಆದರೆ ದತ್ತಕೇಂದ್ರದ ಫೈರ್‌ವಾಲ್ ಇಂತಹ ಸೂಚನೆಗಳನ್ನೆಲ್ಲ ಅಪರಿಚಿತರೆಂದು ಹೊರಗೇ ತಡೆದಿರುತ್ತದೆ. ಸರ್ವರಿಗೆ ಏನೂ ತಿಳಿಯದು. ಅದು ಆ ತುಂಡನ್ನೇ ಒಂದು ಸೆಕೆಂಡು ಬಿಟ್ಟು, ಎರಡು ಬಿಟ್ಟು, ನಾಲ್ಕು ಬಿಟ್ಟು, ಎಂಟು ಬಿಟ್ಟು ಕಳಿಸುತ್ತಲೇ ಇರುತ್ತದೆ.

ಕಚೇರಿಯ ತುದಿಯಲ್ಲಿಟ್ಟ ವಿಶ್ಲೇಷಕಕ್ಕೆ ಇದರಲ್ಲಿ ಕಾಣುವುದು ಮೌನವೊಂದೇ. ದತ್ತಕೇಂದ್ರದ ತುದಿಯಲ್ಲಿಟ್ಟುದಕ್ಕೆ ಒಂದೇ ಅಳತೆಯ ಪ್ಯಾಕೆಟ್ಟು ಇಮ್ಮಡಿಸುವ ಅಂತರದಲ್ಲಿ ಮರುಕಳಿಸುವುದು ಕಾಣುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ವ್ಯಾಜ್ಯವು ಐದು ನಿಮಿಷದಲ್ಲಿ ಮುಗಿಯುತ್ತದೆ. ಪರಿಹಾರಕ್ಕೆ ಹಣವೂ ಬೇಡ. ಸಂವಾದದ ಆರಂಭದಲ್ಲಿಯೇ ಎರಡು ಯಂತ್ರಗಳೂ ೧,೪೩೬ ಬೈಟಿಗಿಂತ ದೊಡ್ಡ ತುಂಡನ್ನು ಕಳಿಸದಂತೆ ರೂಟರಿನಲ್ಲಿ ಒಂದು ಸಾಲು ಬರೆದರಾಯಿತು, ಅಥವಾ ಫೈರ್‌ವಾಲಿನಲ್ಲಿ ಆ ಸೂಚನೆಗೆ ದಾರಿ ಬಿಟ್ಟರಾಯಿತು. ಇಂತಹ ದೋಷಕ್ಕೆ ಹೆಚ್ಚು ವೇಗದ ಲೈನನ್ನು ಕೊಂಡರೆ ಸರ್ಕಾರದ ಬೊಕ್ಕಸ ಬರಿದಾಗುವುದೇ ಹೊರತು ಉತಾರ ಬರುವುದಿಲ್ಲ.

ವೇಗವನ್ನು ಕೊಂಡರೂ ಫಲವಿಲ್ಲದ ಇನ್ನೊಂದು ಸಂದರ್ಭವು ಉಪಗ್ರಹದ ಲೈನಿನದು. ಹೋಬಳಿ ಮಟ್ಟದಲ್ಲಿ ಸುಮಾರು ಎಂಟುನೂರು ‘ನೆಮ್ಮದಿ’ ಕೇಂದ್ರಗಳನ್ನು ತೆರೆದ ಕಾಲದಲ್ಲಿ ತಂತಿ ತಲುಪದ ಊರುಗಳಿಗೆ ಉಪಗ್ರಹದ ಸಣ್ಣ ಭೂಕೇಂದ್ರಗಳೇ ಆಧಾರವಾಗಿದ್ದವು. ಭೂಸ್ಥಿರ ಉಪಗ್ರಹವು ೩೫,೭೮೬ ಕಿಲೋಮೀಟರು ಎತ್ತರದಲ್ಲಿರುವುದರಿಂದ ಮಾತು ಹೋಗಿ ಮರುಮಾತು ಬರಲು ಅರ್ಧ ಸೆಕೆಂಡು ಹಿಡಿಯುತ್ತದೆ. ಹಳೆಯ ಟಿ.ಸಿ.ಪಿ. ಒಪ್ಪಂದದಲ್ಲಿ ಸ್ವೀಕೃತಿ ಬರುವ ಮುನ್ನ ೬೫,೫೩೫ ಬೈಟಿಗಿಂತ ಹೆಚ್ಚು ಕಳಿಸುವಂತಿಲ್ಲ. ಹೋಗಿಬರುವ ಕಾಲವು ೦.೫೪ ಸೆಕೆಂಡು ಎಂದಿಟ್ಟುಕೊಂಡರೆ ಸೆಕೆಂಡಿಗೆ ಒಂಬತ್ತು ಲಕ್ಷ ಎಪ್ಪತ್ತು ಸಾವಿರ ಬಿಟ್ಟುಗಳಿಗಿಂತ ಹೆಚ್ಚು ಒಂದು ಸಂವಾದದಲ್ಲಿ ಸಾಗದು. ಲೈನು ೨೦ ಲಕ್ಷದ್ದಾದರೂ ಸರಿಯೆ, ೨೦೦ ಲಕ್ಷದ್ದಾದರೂ ಸರಿಯೆ. ಈ ಮಿತಿಯನ್ನು ಹಿಗ್ಗಿಸುವ ವಿಧಾನವು ೧೯೯೨ರಲ್ಲಿ ಬಂದಿತು. ಆದರೆ ಹಿಗ್ಗಿಸಿದ ಪ್ರಮಾಣವನ್ನು ಯಂತ್ರಗಳು ಪರಸ್ಪರ ತಿಳಿಸುವುದು ಸಂವಾದದ ಮೊದಲ ಎರಡು ಪ್ಯಾಕೆಟ್‌ಗಳಲ್ಲಿ ಮಾತ್ರ. ದೂರು ಬಂದ ಮೇಲೆ ತೆರೆದ ವಿಶ್ಲೇಷಕಕ್ಕೆ ಆ ಎರಡು ಪ್ಯಾಕೆಟ್‌ಗಳು ಸಿಕ್ಕಿರುವುದಿಲ್ಲ. ಆಮೇಲೆ ಅದು ಹೇಳುವ ಅಂಕಿಯೆಲ್ಲ ತಪ್ಪು. ಆದುದರಿಂದ ವಿಶ್ಲೇಷಕವು ಹಗಲಿರುಳೂ ಪ್ರತಿ ತೆಗೆಯುತ್ತಲೇ ಇದ್ದು, ತಟ್ಟೆ ತುಂಬಿದಾಗ ಹಳೆಯದನ್ನು ಅಳಿಸಿ ಹೊಸದನ್ನು ಬರೆಯತಕ್ಕ ಬಗೆಯದಾಗಿರಬೇಕು.

ಇದಕ್ಕೆ ಬೇಕಾದ ಸ್ಥಳವೆಷ್ಟು? ರಾಜ್ಯ ವಿಸ್ತಾರಜಾಲಗಳ ಯೋಜನೆಗೆ ಕೇಂದ್ರ ಸರ್ಕಾರವು ೨೦೦೫ರ ಮಾರ್ಚಿಯಲ್ಲಿ ಮಂಜೂರಾತಿ ನೀಡಿದಾಗ ಕನಿಷ್ಠವೆಂದು ಗೊತ್ತುಮಾಡಿದ ವೇಗ ಸೆಕೆಂಡಿಗೆ ೨೦ ಲಕ್ಷ ಬಿಟ್. ಅಂತಹ ಲೈನು ಎರಡು ದಿಕ್ಕಿನಲ್ಲಿಯೂ ತುಂಬಿ ಹರಿದರೂ ಗಂಟೆಗೆ ಸುಮಾರು ೧.೮ ಗಿಗಾಬೈಟು. ಸಾವಿರ ಗಿಗಾಬೈಟಿನ ತಟ್ಟೆಯಲ್ಲಿ ಮೂರುವಾರದ ವೃತ್ತಾಂತ ಹಿಡಿಯುತ್ತದೆ. ಇದಕ್ಕೆ ಹಳೆಯದೊಂದು ಸಾಮಾನ್ಯ ಗಣಕವೇ ಸಾಕು. ಆದರೆ ದತ್ತಕೇಂದ್ರದ ತುದಿಯಲ್ಲಿ ಸೆಕೆಂಡಿಗೆ ನೂರು ಕೋಟಿ ಬಿಟ್ಟಿನ ತಂತಿಯಿದ್ದರೆ ಅದೇ ತಟ್ಟೆಯು ಎರಡೂಕಾಲು ಗಂಟೆಯೊಳಗೆ ತುಂಬುತ್ತದೆ. ಅಷ್ಟೇ ಅಲ್ಲ, ಅತಿ ಸಣ್ಣ ಪ್ಯಾಕೆಟ್‌ಗಳಾದರೆ ಸೆಕೆಂಡಿಗೆ ೧೪,೮೮,೦೯೫ ಬರಬಹುದು. ಸಾಮಾನ್ಯ ಗಣಕವು ಇವುಗಳಲ್ಲಿ ಎಷ್ಟನ್ನೋ ಕೈಬಿಟ್ಟು, ಕೈಬಿಟ್ಟುದನ್ನು ಜಾಲವೇ ಕಳೆದುಕೊಂಡಂತೆ ತೋರಿಸುತ್ತದೆ. ಸಾಕ್ಷಿಯು ತಾನು ನಿದ್ರೆ ಮಾಡಿದುದನ್ನು ಮರೆಮಾಚಿದ ಹಾಗಾಯಿತು. ಎಷ್ಟು ಪ್ಯಾಕೆಟ್‌ಗಳನ್ನು ತಾನು ಬಿಟ್ಟೆನೆಂದು ಪ್ರಾಮಾಣಿಕವಾಗಿ ಎಣಿಸಿ ಹೇಳುವ ವಿಶ್ಲೇಷಕವನ್ನೇ ಆರಿಸಬೇಕು. ಈ ತುದಿಗೆ, ಬೇಕಾದ ಕಚೇರಿಯ ವಿಳಾಸದ ಪ್ಯಾಕೆಟ್‌ಗಳನ್ನು ಮಾತ್ರ ಮೊದಲೇ ಶೋಧಿಸಿ ಉಳಿದುದನ್ನು ಬಿಡುವ ಶಕ್ತಿಯುಳ್ಳ ಯಂತ್ರ ಬೇಕಾಗುತ್ತದೆ. ಎರಡು ತುದಿಗೂ ಒಂದೇ ಮಾದರಿ ಕೊಳ್ಳಬೇಕೆಂಬ ನಿಯಮವಿಲ್ಲ. ಕಡತದ ರೂಪ ಒಂದೇ ಆಗಿದ್ದರೆ ಸಾಕು.

ಪ್ರತಿಯನ್ನು ಎಲ್ಲಿಂದ ತೆಗೆಯುವುದೆಂಬುದರಲ್ಲಿಯೂ ಎಚ್ಚರ ಬೇಕು. ಸ್ವಿಚ್ಚಿನಲ್ಲಿ ಒಂದು ಬಾಗಿಲ ವ್ಯವಹಾರವನ್ನು ಇನ್ನೊಂದಕ್ಕೆ ಪ್ರತಿಬಿಂಬಿಸುವ ಅನುಕೂಲವಿದೆ. ಕಚೇರಿಯ ನಿಧಾನವಾದ ಲೈನಿಗೆ ಅದು ಸಾಕು. ಆದರೆ ಎರಡು ದಿಕ್ಕಿನಲ್ಲಿಯೂ ತುಂಬಿದ ತಂತಿಯನ್ನು ಅದೇ ವೇಗದ ಒಂದು ಬಾಗಿಲಿಗೆ ತಿರುಗಿಸಿದರೆ ಅರ್ಧ ಚೆಲ್ಲಿಹೋಗುತ್ತದೆ. ಇನ್ನು ಲೈನಿನಲ್ಲೇ ಬಿಟ್‌ಗಳು ಕೆಡುತ್ತಿದ್ದರೆ, ಕೆಟ್ಟ ಚೌಕಟ್ಟನ್ನು ರೂಟರ್ ತಾನೇ ಬಿಸುಡುವುದರಿಂದ ಕಚೇರಿಯೊಳಗಣ ವಿಶ್ಲೇಷಕಕ್ಕೆ ಅದು ಎಂದಿಗೂ ಕಾಣದು. ಅದಕ್ಕೆ ಲೈನಿಗೇ ಜೋಡಿಸತಕ್ಕ ವಿಶೇಷ ಯಂತ್ರ ಬೇಕು. ಅಥವಾ, ಬಡವನ ಉಪಾಯವೆಂದರೆ, ರೂಟರ್ ಇಟ್ಟುಕೊಂಡಿರುವ ತಪ್ಪುಗಳ ಎಣಿಕೆಯನ್ನು ದಿನಕ್ಕೆರಡು ಸಲ ಬರೆದಿಡುವುದು. ಸರ್ವರಿನೊಳಗೇ ತಂತ್ರಾಂಶವನ್ನು ನಡೆಸಿ ಪ್ರತಿ ತೆಗೆಯುವವರು ಇನ್ನೊಂದು ಭ್ರಮೆಗೆ ಒಳಗಾಗುತ್ತಾರೆ. ಅಲ್ಲಿ ಪ್ಯಾಕೆಟ್ಟನ್ನು ತುಂಡರಿಸುವ ಮತ್ತು ತಾಳೆಮೊತ್ತ ಬರೆಯುವ ಕೆಲಸವನ್ನು ಜಾಲಫಲಕವು ಆಮೇಲೆ ಮಾಡುವುದರಿಂದ, ಹೊರಡುವ ಪ್ಯಾಕೆಟ್‌ಗಳೆಲ್ಲ ಅತಿ ದೊಡ್ಡವೂ ತಾಳೆ ತಪ್ಪಿದವೂ ಆಗಿ ಕಾಣುತ್ತವೆ. ಕಾಮಾಲೆ ಕಣ್ಣಿಗೆ ಜಗವೆಲ್ಲ ಹಳದಿ.

ಮಾರುವವರ ಪಟ್ಟಿಯಲ್ಲಿ ಮೊದಲು ಬರುವುದು ಎಷ್ಟು ಪ್ರೋಟೋಕಾಲ್‌ಗಳನ್ನು ಬಿಡಿಸಬಲ್ಲದೆಂಬ ಸಂಖ್ಯೆ. ಅದಕ್ಕೆ ಈಗ ಮೊದಲಿನ ಬೆಲೆಯಿಲ್ಲ. ಇಂದಿನ ವ್ಯವಹಾರದ ಬಹುಭಾಗವು ಗೂಢಲಿಪಿಯಲ್ಲಿ ಸಾಗುತ್ತದೆ. ಒಳಗಿನ ಮಾತು ಕಾಣದು, ಶಿರೋಭಾಗ ಮತ್ತು ಕಾಲ ಮಾತ್ರ ಕಾಣುತ್ತವೆ. ಮೇಲೆ ಹೇಳಿದ ರೋಗಗಳಿಗೆ ಇವೇ ಸಾಕು. ಒಳಗಿನ ಮಾತು ಕಾಣದಿರುವುದೇ ಒಳ್ಳೆಯದು ಕೂಡ, ಏಕೆಂದರೆ ಅದರಲ್ಲಿ ಜನರ ಆಧಾರ್ ಸಂಖ್ಯೆ, ಸಾಲ, ಜಮೀನು ಎಲ್ಲ ಇರುತ್ತವೆ. ಪ್ರತಿಯೊಂದು ಪ್ಯಾಕೆಟ್ಟಿನ ಮೊದಲ ೯೬ ಬೈಟನ್ನು ಮಾತ್ರ ಉಳಿಸಿಕೊಳ್ಳಬಲ್ಲ ವಿಶ್ಲೇಷಕವನ್ನು ಆರಿಸಿದರೆ ಸ್ಥಳವೂ ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ. ವೈಯಕ್ತಿಕ ದತ್ತಾಂಶದ ರಕ್ಷಣೆಗೆ ೨೦೨೩ರಲ್ಲಿ ಕಾಯಿದೆಯಾದ ಮೇಲೆ ಇದು ಕೇವಲ ಸೌಜನ್ಯದ ವಿಷಯವಾಗಿಯೂ ಉಳಿದಿಲ್ಲ.

ಒಳಗಿನ ಬೈಟುಗಳನ್ನೇ ನೋಡಬೇಕಾದ ಒಂದು ಸಂದರ್ಭ ಕನ್ನಡಕ್ಕೆ ಸಂಬಂಧಿಸಿದುದಾದುದರಿಂದ ಇಲ್ಲಿ ಹೇಳತಕ್ಕದ್ದು. ಯೂನಿಕೋಡಿನ ಪ್ರಚಲಿತ ಬರವಣಿಗೆಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು. ‘ಬ’ ಎಂಬುದು ೨೨೪, ೧೭೮, ೧೭೨ ಎಂಬ ಮೂರು ಸಂಖ್ಯೆಗಳಾಗಿ ಹೋಗುತ್ತದೆ. ‘ಬೋರಗಾಂವ’ ಎಂಬ ಹೆಸರಿನಲ್ಲಿ ಏಳು ಸಂಕೇತ, ೨೧ ಬೈಟು. ಆದರೆ ಅದರಲ್ಲಿರುವ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಬಿಡಿಸಿದಾಗ ೨೭ ಬೈಟು. ತೆರೆಯ ಮೇಲೆ ಎರಡಕ್ಕೂ ರೂಪ ಒಂದೇ. ಎರಡನ್ನೂ ಒಂದು ರೂಪಕ್ಕೆ ತರದೆ ಹೋಲಿಸುವ ಸರ್ವರಿಗೆ ಮಾತ್ರ ಅವು ಎರಡು ಬೇರೆ ಊರುಗಳು. ಆಗ “ಇಂತಹ ಗ್ರಾಮವಿಲ್ಲ” ಎಂಬ ಉತ್ತರ ಬರುತ್ತದೆ. ಅದನ್ನೂ ಜಾಲದ ದೋಷದ ಲೆಕ್ಕಕ್ಕೆ ಬರೆಯುವವರುಂಟು. ಸರ್ವರಿನ ಕಡೆ ಗೂಢಲಿಪಿಯನ್ನು ಬಿಡಿಸಿದ ಅನಂತರದ ತಂತಿಯಲ್ಲಿ, ಯಾರದೂ ಅಲ್ಲದ ಒಂದು ಪರೀಕ್ಷಾ ಅರ್ಜಿಯನ್ನು ಕಳಿಸಿ ಬೈಟುಗಳನ್ನು ಎಣಿಸಿದರೆ ಸಂಗತಿ ಹೊರಬೀಳುತ್ತದೆ.

ಕಡೆಯದಾಗಿ, ಬೋರಗಾಂವದಂತಹ ಊರಿನಲ್ಲಿ ವಿಶ್ಲೇಷಕದ ಬಳಿ ತಜ್ಞನು ಕುಳಿತಿರುವುದಿಲ್ಲ. ೨೦೧೯ರ ಆಗಸ್ಟಿನ ಮಹಾಪೂರದಲ್ಲಿ ಕೃಷ್ಣೆಯೂ ಅದರ ಉಪನದಿಗಳೂ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಗಳ ಸೀಮೆಯನ್ನು ಮುಳುಗಿಸಿ, ಬೆಂಗಳೂರು–ಪುಣೆ ಹೆದ್ದಾರಿಯೂ ಕೆಲವು ದಿನ ಮುಚ್ಚಿದ್ದಿತು. ಉತಾರವೂ ಪರಿಹಾರದ ಅರ್ಜಿಯೂ ಅತ್ಯಂತ ಬೇಕಾಗುವುದು ತಜ್ಞನು ಬರಲಾರದ ಅಂತಹ ದಿನಗಳಲ್ಲಿಯೇ. ಆದುದರಿಂದ ಈ ತುದಿಯ ಯಂತ್ರವು ಕರೆಂಟು ಹೋಗಿ ಬಂದಾಗ ಯಾರೂ ಮುಟ್ಟದೆ ತಾನೇ ಎದ್ದು ಪ್ರತಿ ತೆಗೆಯಲು ತೊಡಗಬೇಕು. ತನ್ನ ಗಡಿಯಾರವನ್ನು ತಾನೇ ಸರಿಪಡಿಸಿಕೊಳ್ಳಬೇಕು. ಲೈನು ಸತ್ತಿರುವಾಗಲೂ ಮೊಬೈಲ್ ಜಾಲದ ಮೂಲಕ ಬೆಳಗಾವಿಯಿಂದಲೋ ಬೆಂಗಳೂರಿನಿಂದಲೋ ಅದನ್ನು ತೆರೆದು ನೋಡುವಂತಿರಬೇಕು. ಗಡಿಯ ಊರಾದುದರಿಂದ ಹೊಳೆಯಾಚೆಯ ರಾಜ್ಯದ ಗೋಪುರವೂ ಎಟುಕುವುದುಂಟು. ಅದಕ್ಕೆ ಹಾಕುವ ಸಿಮ್ಮು ಯಾವ ಗೋಪುರವನ್ನು ಹಿಡಿಯುತ್ತದೆಂಬುದನ್ನು ಮಳೆಗಾಲಕ್ಕೆ ಮುಂಚೆಯೇ ಪರೀಕ್ಷಿಸಿ ನೋಡಿಟ್ಟುಕೊಳ್ಳಬೇಕು.